ದುರ್ಗದವನ ಮೆಚ್ಚಿನ ಹಳೆ ಸಿನಿಮಾಗಳು: ‘ನಾಗರಹಾವು’ ಮೊದಲನೆಯದಲ್ಲ

ಕೋಟೆಬಾಗಿಲು:

ಊರು ಚಿತ್ರದುರ್ಗ ಅಂದ ಕೂಡಲೇ ಎದುರಿಗಿದ್ದವರು ಏನು ಹೇಳುತ್ತಾರೆ ಅಂತ ನಮ್ಮ ಕಡೆಯವರಿಗೆಲ್ಲ ಗೊತ್ತು. ‘ಓ, ರಾಮಾಚಾರಿ ಊರು!’ ‘ನಾಗರಹಾವು’ ಸಿನಿಮಾದ ನಾಯಕ ರಾಮಾಚಾರಿ. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಬೆಂಗಳೂರಿನ ಆಫೀಸಿನಲ್ಲಿ, ಎಲ್ಲ ಕಡೆ ಇದೇ ಮಾತು. ಮದಕರಿ ನಾಯಕ ಆಮೇಲೆ ಬರುತ್ತಾನೆ. ಹಾಗಾಗಿ ನಮ್ಮೂರಿನವರು ಹಳೆ ಸಿನಿಮಾಗಳ ಪಟ್ಟಿ ಹಾಕಿದರೆ ಮೊದಲ ಸಾಲು ಯಾರೂ ಕೇಳದೆಯೇ ಭರ್ತಿಯಾಗಿಬಿಡುತ್ತದೆ. ನಾನು ಆ ಸಾಲಿನಲ್ಲಿ ಬೇರೆ ಹೆಸರು ಬರೆಯುತ್ತೇನೆ. ಬೈಯುವವರು ಪೂರ್ತಿ ಓದಿ ಬೈಯಿರಿ.

ನನ್ನ ಮೊದಲ ಸಿನಿಮಾ ‘ಹಂಸಗೀತೆ’. 1975ರದ್ದು, ಜಿ.ವಿ. ಅಯ್ಯರ್ ನಿರ್ದೇಶನ. ‘ನಾಗರಹಾವು’ ಥರ ಇದೂ ನಮ್ಮ ಕಡೆಯ ಲೇಖಕ ತ.ರಾ.ಸು. ಅವರ ಕಾದಂಬರಿಯೇ. ಭೈರವಿ ವೆಂಕಟಸುಬ್ಬಯ್ಯ ಎಂಬ ದುರ್ಗದ ಸಂಗೀತಗಾರನ ಕಥೆ. ಅನಂತನಾಗ್ ಆಗ ಇನ್ನೂ ಹೊಸಬರು. ಅರಸನ ಅಪ್ಪಣೆಗೆ ಹಾಡಲಾರೆ ಅಂತ ತನ್ನ ನಾಲಿಗೆಯನ್ನೇ ಕತ್ತರಿಸಿಕೊಳ್ಳುವ ಮನುಷ್ಯನನ್ನು ಅಬ್ಬರವಿಲ್ಲದೆ ತೋರಿಸುವುದು ಸುಲಭವಲ್ಲ. ಸಂಗೀತ ಬಾಲಮುರಳಿಕೃಷ್ಣ ಮತ್ತು ಬಿ.ವಿ. ಕಾರಂತರದ್ದು. ಆ ವರ್ಷ ಅತ್ಯುತ್ತಮ ಗಾಯಕ ರಾಷ್ಟ್ರಪ್ರಶಸ್ತಿ ಬಾಲಮುರಳಿಯವರಿಗೆ ಬಂತು. ಕನ್ನಡದ ಅತ್ಯುತ್ತಮ ಚಿತ್ರ ಎಂಬ ಪ್ರಶಸ್ತಿಯೂ ಇದಕ್ಕೇ.

ಯಾಕೆ ಮೊದಲನೆಯದು? ನನಗೆ ಇಷ್ಟವಾದ ಹಳೆ ಸಿನಿಮಾಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದೆ. ಎಲ್ಲದರಲ್ಲೂ ಒಬ್ಬ ಹಟಮಾರಿ ಇದ್ದಾನೆ, ಇಲ್ಲವೇ ಹಟಮಾರಿ ಇದ್ದಾಳೆ. ವೆಂಕಟಸುಬ್ಬಯ್ಯನದು ಹಟ. ರಾಮಾಚಾರಿಯದೂ ಹಟ. ಆದರೆ ಒಬ್ಬ ತನ್ನ ಹಟದ ಬೆಲೆಯನ್ನು ತಾನೇ ಕೊಡುತ್ತಾನೆ. ಇನ್ನೊಬ್ಬ ಅದನ್ನು ಪ್ರಿನ್ಸಿಪಾಲರಿಂದ, ಮೇಷ್ಟ್ರಿಂದ, ಪ್ರೀತಿಸಿದ ಹುಡುಗಿಯರಿಂದ ವಸೂಲಿ ಮಾಡುತ್ತಾನೆ. ಸಿನಿಮಾ ಅವನ ಪರ ನಿಂತು ನಮ್ಮನ್ನು ಅಳಿಸುತ್ತದೆ. ನಾನೂ ಅಳುತ್ತೇನೆ. ಆದರೂ ಮೊದಲ ಸ್ಥಾನ ಕೊಡುವುದಿಲ್ಲ.

ಉಳಿದವು ಬೇಗ ಹೇಳುತ್ತೇನೆ. ‘ಬೆಳ್ಳಿಮೋಡ’, 1967. ‘ಕಸ್ತೂರಿ ನಿವಾಸ’, 1971. ‘ಭೂತಯ್ಯನ ಮಗ ಅಯ್ಯು’, 1974. ಐದನೆಯದಾಗಿ ‘ನಾಗರಹಾವು’, 1972. ಪುಟ್ಟಣ್ಣ ಕಣಗಾಲರ ಮೇಲಿನ ಗೌರವಕ್ಕೆ ಎರಡು ಸ್ಥಾನ ಕೊಟ್ಟಿದ್ದೇನೆ, ಗಮನಿಸಿ.

ಮಿಲ್ ಕಾಲೋನಿ, ದಾವಣಗೆರೆ:

ಅಣ್ಣ, ದುರ್ಗದವನು ನಾಗರಹಾವನ್ನು ಐದನೇ ಸ್ಥಾನಕ್ಕೆ ತಳ್ಳುವುದು ಅಂದರೆ ನಮ್ಮೂರಿನವನು ದೋಸೆಗೆ ಬೆಣ್ಣೆ ಬೇಡ ಅಂದ ಹಾಗೆ. ಕಾಗದದ ಮೇಲೆ ಬರೆಯಬಹುದು, ಹೋಟೆಲಿನಲ್ಲಿ ಹೇಳಬೇಡಿ.

ನಮ್ಮಪ್ಪ ಕಾಟನ್ ಮಿಲ್ಲಿನಲ್ಲಿದ್ದರು. ಪಾಳಿ ಮುಗಿಸಿ ಸೆಕೆಂಡ್ ಶೋಗೆ ಹೋಗುವ ಗುಂಪು ಅವರದು. ರಾಮಾಚಾರಿ ತಿರುಗಿ ನಿಂತಾಗ ಅವರಿಗೆ ಏನನ್ನಿಸುತ್ತಿತ್ತು ಅಂತ ನಿಮಗೆ ಗೊತ್ತಿಲ್ಲ. ದಿನವಿಡೀ ಮೇಸ್ತ್ರಿ ಹತ್ತಿರ ತಲೆ ಬಗ್ಗಿಸಿ ಕೆಲಸ ಮಾಡಿದವನಿಗೆ ಪರದೆಯ ಮೇಲೆ ಒಬ್ಬ ತಲೆ ಎತ್ತಿ ನಿಂತರೆ ಸಾಕಿತ್ತು. ಬೆಲೆ ಯಾರು ಕೊಟ್ಟರು ಅಂತ ಲೆಕ್ಕ ಹಾಕುವುದು ಮರುದಿನದ ಕೆಲಸ.

ಇನ್ನೊಂದು. ನಿಮ್ಮ ಪಟ್ಟಿಯಲ್ಲಿ ನಾಟಕದ ವಾಸನೆಯೇ ಇಲ್ಲ. ನಮ್ಮದು ಚಿಂದೋಡಿ ಲೀಲಾ ಅವರ ಊರು. ಅವರ ತಂದೆ ಚಿಂದೋಡಿ ವೀರಪ್ಪನವರ ಕೆ.ಬಿ.ಆರ್. ಡ್ರಾಮಾ ಕಂಪನಿ ಉತ್ತರದಿಂದ ದಕ್ಷಿಣದವರೆಗೆ ಟೆಂಟು ಹಾಕಿದ ಕಂಪನಿ. ಕನ್ನಡ ಸಿನಿಮಾದ ಅರ್ಧ ಮಾತುಗಾರಿಕೆ ಕಂಪನಿ ನಾಟಕದಿಂದಲೇ ಬಂದದ್ದು. ರಾಜಕುಮಾರ್ ಬಂದದ್ದೂ ಗುಬ್ಬಿ ಕಂಪನಿಯಿಂದ ತಾನೇ? ನನ್ನ ಮೊದಲ ಸಿನಿಮಾ ‘ಸಂಪತ್ತಿಗೆ ಸವಾಲ್’, 1974. ಧುತ್ತರಗಿಯವರ ನಾಟಕ. ಮಂಜುಳಾ ಎದುರು ಮಾತನಾಡುವ ಒಂದೊಂದು ಸಾಲಿಗೂ ಶಿಳ್ಳೆ ಬೀಳುತ್ತಿತ್ತು. ರಾಜಕುಮಾರ್ ಎಮ್ಮೆ ಮೇಲೆ ಕೂತು ಹಾಡುವ ಹಾಡು ಅವರದೇ ದನಿ. ಅದಕ್ಕೂ ಮೊದಲು ಅಲ್ಲೊಂದು ಇಲ್ಲೊಂದು ಹಾಡಿದ್ದರು, ಪಿ.ಬಿ. ಶ್ರೀನಿವಾಸ್ ಅವರೇ ಅವರ ದನಿಯಾಗಿದ್ದರು. ಇದಾದ ಮೇಲೆ ತಮ್ಮ ಹಾಡುಗಳನ್ನು ತಾವೇ ಹಾಡುವುದು ರೂಢಿಯಾಯಿತು. ಹಟ ಬೇಕು ಅಂದರೆ ಅದರಲ್ಲಿ ಮಂಜುಳಾ ಇದ್ದಾರೆ, ಸಾಹುಕಾರನ ಮಗಳು.

ಹೊಳಲ್ಕೆರೆ ರಸ್ತೆ:

ಸಾಹುಕಾರನ ಮಗಳ ಸೊಕ್ಕು ಇಳಿಸುವುದೇ ಆ ಸಿನಿಮಾದ ಖುಷಿ, ಅಲ್ವಾ? ಅದನ್ನು ಹಟ ಅಂತ ಹೊಗಳಬೇಡಿ. ಆ ಕಾಲದಲ್ಲಿ ಗಂಡಸಿನ ಹಟಕ್ಕೆ ಚಪ್ಪಾಳೆ, ಹೆಂಗಸಿನ ಹಟಕ್ಕೆ ಪಾಠ. ಎಷ್ಟೋ ಒಳ್ಳೆಯ ಸಿನಿಮಾಗಳಲ್ಲೂ ಹಾಗೇ.

ಕೋಟೆಬಾಗಿಲು ಅವರೇ, ನೀವು ‘ಬೆಳ್ಳಿಮೋಡ’ ಅಂತ ಒಂದು ಹೆಸರು ಬರೆದು ಮುಂದೆ ಹೋದಿರಿ. ಅದರ ಬಗ್ಗೆ ತಾನೇ ಜಾಸ್ತಿ ಬರೆಯಬೇಕಿದ್ದದ್ದು? ತ್ರಿವೇಣಿಯವರ ಕಾದಂಬರಿ. ಪುಟ್ಟಣ್ಣ ಕನ್ನಡದಲ್ಲಿ ನಿರ್ದೇಶಿಸಿದ ಮೊದಲ ಚಿತ್ರ. ಇಂದಿರಾ ಒಬ್ಬಳೇ ಮಗಳು, ಆಸ್ತಿಯೆಲ್ಲ ಅವಳದೇ ಎಂದಿದ್ದಾಗ ಮದುವೆಯಾಗಲು ಒಪ್ಪಿದ್ದವನು, ಅವಳಿಗೆ ತಮ್ಮ ಹುಟ್ಟಿದ ಕೂಡಲೇ ಹಿಂದೆ ಸರಿಯುತ್ತಾನೆ. ಆಮೇಲೆ ಕಾಲು ಮುರಿದುಕೊಂಡು ಅವಳ ಮನೆಯಲ್ಲೇ ಮಲಗುತ್ತಾನೆ. ಅವಳು ಆರೈಕೆ ಮಾಡುತ್ತಾಳೆ. ಅವನ ಮನಸ್ಸು ಕರಗುತ್ತದೆ. ಬೇರೆ ಯಾವ ಸಿನಿಮಾ ಆಗಿದ್ದರೂ ಇಲ್ಲಿ ಓಲಗ ಊದುತ್ತಿತ್ತು. ಇಂದಿರಾ ಬೇಡ ಅನ್ನುತ್ತಾಳೆ. ಕೂಗಾಟವಿಲ್ಲ, ಶಾಪವಿಲ್ಲ. ಬೇಡ, ಅಷ್ಟೇ. 1967ರಲ್ಲಿ! ಕಲ್ಪನಾ ಆ ಪಾತ್ರದಲ್ಲಿ ಮಾಡಿದ್ದನ್ನು ಇವತ್ತಿಗೂ ಎಷ್ಟು ನಾಯಕಿಯರಿಗೆ ಮಾಡಲು ಬಿಡುತ್ತಾರೆ?

ಅದೇ ತ್ರಿವೇಣಿ, ಅದೇ ಪುಟ್ಟಣ್ಣ, ಅದೇ ಕಲ್ಪನಾ 1971ರಲ್ಲಿ ‘ಶರಪಂಜರ’ ಮಾಡಿದರು. ಬಾಣಂತನದಲ್ಲಿ ಮನಸ್ಸು ಕೆಟ್ಟು, ಆಸ್ಪತ್ರೆಯಿಂದ ಗುಣವಾಗಿ ಬಂದವಳನ್ನು ಮನೆಯವರೂ ಊರವರೂ ಸೇರಿ ಮತ್ತೆ ಹುಚ್ಚಿ ಮಾಡುತ್ತಾರೆ. ಹೆರಿಗೆಯ ನಂತರದ ಖಿನ್ನತೆ ಬಗ್ಗೆ ಈಗ ಡಾಕ್ಟರುಗಳು ಬಿಡಿಸಿ ಹೇಳುತ್ತಾರೆ. ಆಗ ಹೇಳಿದ್ದು ಕಾದಂಬರಿ ಬರೆಯುವ ಒಬ್ಬ ಹೆಂಗಸು. ನನ್ನ ಪಟ್ಟಿಯಲ್ಲಿ ಈ ಎರಡೂ ಮೇಲೆ. ಆಮೇಲೆ ಎಂ.ಕೆ. ಇಂದಿರಾ ಅವರ ‘ಗೆಜ್ಜೆಪೂಜೆ’. ನಿಮ್ಮ ರಾಮಾಚಾರಿ ಎಲ್ಲಿ ಬೇಕಾದರೂ ಇರಲಿ.

ರಾಮಾಚಾರಿ ಮೊದಲು ಪ್ರೀತಿಸಿದ ಅಲಮೇಲು ವಿಷಯ ಯಾರಾದರೂ ಎತ್ತುತ್ತೀರಾ? ಅಥವಾ ನಾನೇ ಎತ್ತಬೇಕಾ?

ಸಂತೆಹೊಂಡದ ಮೇಷ್ಟ್ರು:

ನಾನು ನಿವೃತ್ತ ಶಿಕ್ಷಕ. ಹಾಗಾಗಿ ಚಾಮಯ್ಯ ಮೇಷ್ಟ್ರ ಬಗ್ಗೆ ಮಾತನಾಡದೆ ಇರಲಾರೆ. ಅಲಮೇಲು ವಿಷಯವೂ ಅಲ್ಲೇ ಬರುತ್ತದೆ, ತಾಯಿ.

ಮೊದಲು ಸ್ವಲ್ಪ ಹಿನ್ನೆಲೆ. ಹೊಸಬರಿಗೆ ಗೊತ್ತಿರಲಿ. ‘ನಾಗರಹಾವು’ ಒಂದು ಕಾದಂಬರಿಯಲ್ಲ. ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಮಾಡಿದ ಚಿತ್ರ. ತ.ರಾ.ಸು. ಮನೆತನ ತಳುಕಿನದು, ಚಳ್ಳಕೆರೆ ತಾಲ್ಲೂಕು. ಹುಟ್ಟಿದ್ದು ಮಲೇಬೆನ್ನೂರಿನಲ್ಲಿ, 1920ರಲ್ಲಿ. ಮಲೇಬೆನ್ನೂರು ಈಗ ದಾವಣಗೆರೆ ಜಿಲ್ಲೆಗೆ ಸೇರಿದೆ. 1997ರಲ್ಲಿ ಜಿಲ್ಲೆ ಬೇರೆಯಾಗುವ ತನಕ ಎಲ್ಲ ಒಂದೇ ಆಗಿತ್ತು. ಹಾಗಾಗಿ ಕಾಲೋನಿಯವರೇ, ತ.ರಾ.ಸು. ನಿಮ್ಮವರೂ ಹೌದು. ಜಗಳ ಬೇಡ.

ಸಿನಿಮಾ ನೋಡಿ ತ.ರಾ.ಸು. ಸಿಟ್ಟಾದದ್ದು ದೊಡ್ಡ ಕಥೆ. ನನ್ನ ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ಅವರು ಹೇಳಿದ್ದು ಇವತ್ತಿಗೂ ಊರ ಬಾಯಲ್ಲಿದೆ. ಜನ ಇದನ್ನು ಲೇಖಕನ ಮುನಿಸು ಅಂತ ನಕ್ಕು ಬಿಡುತ್ತಾರೆ. ನನಗೆ ಅದರಲ್ಲಿ ವಿಷಯ ಇದೆ ಅನ್ನಿಸುತ್ತದೆ. ಕಾದಂಬರಿಯ ಹಾವಿಗೆ ವಿಷ ಇತ್ತು. ಸಿನಿಮಾದ ಹಾವನ್ನು ಪ್ರೀತಿಸುವ ಹಾಗೆ ಮಾಡಿದರು. ಪಿ.ಬಿ. ಶ್ರೀನಿವಾಸರ ಹಾಡಿಗೆ ನಿಧಾನಗತಿಯಲ್ಲಿ ಓಡಿಬರುವ ಹುಡುಗನನ್ನು ಯಾರು ತಾನೇ ದ್ವೇಷಿಸುತ್ತಾರೆ? ಚಿಟ್ಟಿಬಾಬು ಅವರ ಕ್ಯಾಮೆರಾ, ವಿಜಯಭಾಸ್ಕರ್ ಸಂಗೀತ, ಪುಟ್ಟಣ್ಣನ ಹುಚ್ಚು ಮೂರೂ ಸೇರಿ ನಮ್ಮನ್ನು ಮರುಳು ಮಾಡಿದವು.

ಈಗ ಚಾಮಯ್ಯ. ಅಶ್ವಥ್ ಆ ಪಾತ್ರ ಮಾಡಿದ ಮೇಲೆ ನಮ್ಮ ವೃತ್ತಿಯವರಿಗೆಲ್ಲ ಸ್ವಲ್ಪ ಗೌರವ ಹೆಚ್ಚಾಯಿತು, ಸುಳ್ಳಲ್ಲ. ಆದರೆ ಮೇಷ್ಟ್ರಾಗಿ ನೋಡಿದರೆ ಅವರು ಮಾಡಿದ್ದು ಸರಿಯಲ್ಲ. ಮಕ್ಕಳಿಲ್ಲದ ದಂಪತಿ. ಶಿಷ್ಯ ರಾಮಾಚಾರಿಯ ಮೇಲೆ ಎಲ್ಲಿಲ್ಲದ ಪ್ರೀತಿ. ಆ ಪ್ರೀತಿಯ ಬಲದಿಂದಲೇ ಅಲಮೇಲುವನ್ನು ಬಿಟ್ಟುಕೊಡು ಅಂತ ಕೇಳುತ್ತಾರೆ. ಹುಡುಗ ಕೊಡುತ್ತಾನೆ. ಊರು ಏನನ್ನುತ್ತದೆ, ಜಾತಿಯವರು ಏನನ್ನುತ್ತಾರೆ ಎಂಬ ಭಯ ಮೇಷ್ಟ್ರದು. ಅದಕ್ಕೆ ಹೆಸರು ಮಾತ್ರ ತ್ಯಾಗ. ಅಲಮೇಲುವನ್ನು ಕಟ್ಟಿಕೊಂಡ ಗಂಡ ಅವಳನ್ನು ಮಾರಿಬಿಡುತ್ತಾನೆ. ಮುಂದೆ ರಾಮಾಚಾರಿ ಅವಳನ್ನು ಎಂಥ ಜಾಗದಲ್ಲಿ ನೋಡುತ್ತಾನೆ ಅಂತ ಎಲ್ಲರಿಗೂ ಗೊತ್ತು. ಅವನು ಆಮೇಲೆ ಪ್ರೀತಿಸಿದ ಮಾರ್ಗರೆಟ್ ವಿಷಯಕ್ಕೆ ಮೇಷ್ಟ್ರು ಅದೇ ಮಾತು ಮತ್ತೆ ಕೇಳಿದಾಗ ಹುಡುಗ ಒಪ್ಪುವುದಿಲ್ಲ. ಹೇಗೆ ಒಪ್ಪುತ್ತಾನೆ?

ಸಿನಿಮಾದ ದೊಡ್ಡತನ ಇಲ್ಲಿದೆ ಅನ್ನುವುದು ನನ್ನ ಅಭಿಪ್ರಾಯ. ಹಟ ರಾಮಾಚಾರಿಯದು ಮಾತ್ರವಲ್ಲ, ಮೇಷ್ಟ್ರದೂ. ಇಬ್ಬರ ಹಟ ಬೆಟ್ಟದ ತುದಿಯಲ್ಲಿ ಎದುರುಬದುರಾಗುತ್ತದೆ. ಕೋಟೆಬಾಗಿಲು ಅವರು ಬರೀ ಹುಡುಗನ ಲೆಕ್ಕ ಹಾಕಿದ್ದಾರೆ.

ಹೊಳಲ್ಕೆರೆ ರಸ್ತೆ:

ಮೇಷ್ಟ್ರೇ, ನಮಸ್ಕಾರ. ನಾನು ಹೇಳಬೇಕೆಂದಿದ್ದನ್ನು ನೀವು ಹೇಳಿದಿರಿ. ಒಂದೇ ಮಾತು ಸೇರಿಸುತ್ತೇನೆ. ಬಿಟ್ಟುಕೊಡು ಅಂತ ಮೇಷ್ಟ್ರು ಶಿಷ್ಯನನ್ನು ಕೇಳಿದರು. ಶಿಷ್ಯ ಒಪ್ಪಿದ. ಅಲಮೇಲುವನ್ನು ಯಾರು ಕೇಳಿದರು? ಆರತಿ ಅಷ್ಟು ಚೆನ್ನಾಗಿ ಅಭಿನಯಿಸಿದ್ದಾರೆ, ಆದರೂ ಆ ಹುಡುಗಿಗೆ ತನ್ನ ಬಾಳಿನ ಬಗ್ಗೆ ನಿರ್ಧಾರದ ಒಂದು ಮಾತಿಲ್ಲ.

ಅದೇ ಸಿನಿಮಾದ ಮಧ್ಯೆ ಓಬವ್ವ ಬರುತ್ತಾಳೆ ನೋಡಿ. ಜಯಂತಿಯವರು ಇರುವುದು ಒಂದು ಹಾಡಿನಷ್ಟು ಹೊತ್ತು. ಗಂಡ ಊಟಕ್ಕೆ ಕೂತಿದ್ದಾನೆ, ನೀರಿಗೆ ಹೋದವಳಿಗೆ ಕಿಂಡಿಯಲ್ಲಿ ನುಸುಳುವ ಹೈದರಾಲಿಯ ಸೈನಿಕರು ಕಾಣುತ್ತಾರೆ, ಒನಕೆ ಹಿಡಿದು ನಿಲ್ಲುತ್ತಾಳೆ. ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ. ಇಡೀ ಚಿತ್ರದಲ್ಲಿ ತಾನೇ ನಿರ್ಧರಿಸಿ ಕೈ ಎತ್ತುವ ಹೆಣ್ಣು ಅವಳೊಬ್ಬಳೇ, ಅವಳೂ ಇನ್ನೂರು ವರ್ಷ ಹಿಂದಿನವಳು. ಇದು ಪುಟ್ಟಣ್ಣ ಬೇಕೆಂದೇ ಮಾಡಿದ್ದೋ, ಸುಮ್ನೆ ಊರಿನ ಕಥೆ ಇರಲಿ ಅಂತ ಹಾಕಿದ್ದೋ, ನೀವೇ ಯೋಚಿಸಿ.

ಮಿಲ್ ಕಾಲೋನಿ, ದಾವಣಗೆರೆ:

ಓಬವ್ವನ ಕಿಂಡಿ ಹತ್ತಿರ ಪ್ರವಾಸಿಗರನ್ನು ನೋಡಿದ್ದೀರಾ? ಗೈಡ್ ಬಾಯಿ ತೆರೆಯುವ ಮೊದಲೇ ಎಲ್ಲರ ಕಣ್ಣ ಮುಂದೆ ಜಯಂತಿ. ಅಷ್ಟು ಹೊತ್ತಿನ ಪಾತ್ರಕ್ಕೆ ಇಷ್ಟು ಆಯಸ್ಸು! ಅಂಬರೀಷ್ ಕಥೆಯೂ ಅದೇ. ಜಲೀಲನಾಗಿ ಬುಲ್‌ಬುಲ್ ಅಂತ ಒಂದು ಸಾಲು ಹೇಳಿದರು, ಕೊನೆಯವರೆಗೂ ಜನ ಅದನ್ನೇ ಹೇಳಿಸಿದರು.

ತೋಟದ ಹುಡುಗ:

ಎಲ್ಲರಿಗೂ ನಮಸ್ಕಾರ. ನಾನು ಹಿರಿಯೂರು ಕಡೆಯವನು, ಕಾಲೇಜು ಓದುತ್ತಿದ್ದೇನೆ. ನನಗೆ ರಾಮಾಚಾರಿ ಅಂದರೆ ಮೊದಲು ಗೊತ್ತಾದದ್ದು 2014ರ ಯಶ್ ಸಿನಿಮಾದಿಂದ. ಆಮೇಲೆ 2018ರಲ್ಲಿ ನಾಗರಹಾವನ್ನು ಹೊಸ ತಂತ್ರಜ್ಞಾನದಲ್ಲಿ ಮತ್ತೆ ಬಿಡುಗಡೆ ಮಾಡಿದರಲ್ಲ, ಆಗ ಮಾವ ಥಿಯೇಟರಿಗೆ ಕರೆದುಕೊಂಡು ಹೋದರು. ಮಾವ ಸಿನಿಮಾಗಿಂತ ಜಾಸ್ತಿ ಕುಣಿದರು.

ಬೇಜಾರು ಮಾಡಿಕೊಳ್ಳಬೇಡಿ, ನನಗೆ ಅರ್ಧದ ಮೇಲೆ ಎಳೆದಂತೆ ಅನ್ನಿಸಿತು. ಆದರೆ ಕೋಟೆ ನೋಡಿ ಬೆರಗಾದೆ. ಈಗ ಅಲ್ಲಿ ನಿಂತು ವಿಡಿಯೊ ಮಾಡಿದರೆ ಹಿಂದಿನ ಗುಡ್ಡಗಳ ಮೇಲೆಲ್ಲ ಗಾಳಿಯಂತ್ರ ತಿರುಗುತ್ತಿರುತ್ತವೆ. ಸಿನಿಮಾದಲ್ಲಿ ಬರೀ ಬಂಡೆ, ಬರೀ ಆಕಾಶ. ನನ್ನ ಪ್ರಶ್ನೆ ಇಷ್ಟು. ಫೋನಿನಲ್ಲಿ ನೋಡುವವನು ನಾನು. ನೀವು ಹೇಳಿದವುಗಳಲ್ಲಿ ಯಾವುದರಿಂದ ಶುರು ಮಾಡಲಿ? ನಿದ್ದೆ ಬರಬಾರದು.

ಕೋಟೆಬಾಗಿಲು:

ಎಲ್ಲರೂ ಸೇರಿ ನನ್ನನ್ನು ಕಿಂಡಿಯಲ್ಲಿ ಹಿಡಿದಿದ್ದೀರಿ. ಪಟ್ಟಿ ಬದಲಾಯಿಸುವುದಿಲ್ಲ. ಆದರೆ ಉತ್ತರ ಕೊಡುತ್ತೇನೆ.

ಮೇಷ್ಟ್ರೇ, ಚಾಮಯ್ಯನವರದೂ ಹಟ ಎಂಬ ಮಾತು ಒಪ್ಪಿದೆ. ಆದರೆ ಸಿನಿಮಾ ಅದನ್ನು ಹಟ ಅಂತ ತೋರಿಸುತ್ತದೆಯೇ? ಅಶ್ವಥ್ ಅವರ ಮುಖ ನೋಡಿದರೆ ದೇವರು ಕಂಡಂತೆ ಆಗುತ್ತದೆ. ಅಷ್ಟು ಒಳ್ಳೆಯ ಮುಖವನ್ನು ಎದುರಿಗಿಟ್ಟು ನಮ್ಮ ಪ್ರಶ್ನೆಯನ್ನೇ ಅಡಗಿಸಿಬಿಟ್ಟರು. ‘ಹಂಸಗೀತೆ’ಯಲ್ಲಿ ಆ ಜಾಣತನ ಇಲ್ಲ. ಅಲ್ಲಿ ನಿಮಾಯ್ ಘೋಷ್ ಅವರ ಕ್ಯಾಮೆರಾ ದೂರ ನಿಂತು ನೋಡುತ್ತದೆ. ವೆಂಕಟಸುಬ್ಬಯ್ಯ ಗುರುವಿನ ಹತ್ತಿರ ಅಹಂಕಾರಿ, ಹೆಣ್ಣಿನ ಹತ್ತಿರ ದುರ್ಬಲ, ಸಂಗೀತದ ಹತ್ತಿರ ಮಾತ್ರ ಪ್ರಾಮಾಣಿಕ. ಅವನನ್ನು ಪ್ರೀತಿಸಿ ಅಂತ ಸಿನಿಮಾ ಒತ್ತಾಯ ಮಾಡುವುದಿಲ್ಲ.

ಇನ್ನೊಂದು ಮಜಾ ಗೊತ್ತಾ? ಇದೇ ಕಾದಂಬರಿ 1956ರಲ್ಲೇ ಹಿಂದಿಗೆ ಹೋಗಿತ್ತು, ‘ಬಸಂತ್ ಬಹಾರ್’ ಆಗಿ. ಭೀಮಸೇನ ಜೋಶಿ, ಮನ್ನಾ ಡೇ ಸ್ಪರ್ಧೆಗೆ ಹಾಡುವ ಪ್ರಸಿದ್ಧ ಹಾಡು ಅದರದ್ದೇ. ಕಥೆಯಂತೆ ನಾಯಕನ ದನಿಯಾದ ಮನ್ನಾ ಡೇ ಗೆಲ್ಲಬೇಕು, ನಮ್ಮ ಗದಗದ ಭೀಮಸೇನರು ಸೋಲಬೇಕು! ಕನ್ನಡದಲ್ಲಿ ಅದು ಚಿತ್ರವಾಗಲು ಮತ್ತೆ ಹತ್ತೊಂಬತ್ತು ವರ್ಷ ಬೇಕಾಯಿತು. ನಾಗರಹಾವು ಹಿಂದಿಗೆ ಹೋದದ್ದು ಬೇರೆ ಕಥೆ. 1974ರಲ್ಲಿ ಪುಟ್ಟಣ್ಣನೇ ರಿಷಿ ಕಪೂರ್ ಹಾಕಿಕೊಂಡು ‘ಜಹರೀಲಾ ಇನ್ಸಾನ್’ ಮಾಡಿದರು. ಓಡಲಿಲ್ಲ. ಕಿಶೋರ್ ಕುಮಾರರ ಒಂದು ಹಾಡು ಉಳಿಯಿತು.

ಹೊಳಲ್ಕೆರೆ ತಂಗಿ, ‘ಬೆಳ್ಳಿಮೋಡ’ದ ಬಗ್ಗೆ ನಾನು ಚಿಕ್ಕದಾಗಿ ಬರೆದದ್ದು ನೀವು ಉದ್ದ ಬರೆಯಲಿ ಅಂತ. (ನಂಬಿ.)

‘ಕಸ್ತೂರಿ ನಿವಾಸ’ದ ಬಗ್ಗೆ ಯಾರೂ ತಕರಾರು ಮಾಡಿಲ್ಲ, ಅದಕ್ಕೇ ಹೇಳುತ್ತೇನೆ. ಕೊಡುವ ಕೈ ಎಂದೂ ಕೆಳಗಾಗಬಾರದು ಎಂಬ ಹಟ ಅದರಲ್ಲಿ ರಾಜಕುಮಾರ್ ಮಾಡಿದ ನಾಯಕನದು. ಬೆಂಕಿಪೊಟ್ಟಣದ ಕಾರ್ಖಾನೆ ಹೋಯಿತು, ಮನೆ ಹೋಯಿತು. ಮಗುವಿಗಾಗಿ ಪಾರಿವಾಳ ಕೇಳಲು ಬಂದವಳಿಗೆ ಆ ಪಾರಿವಾಳವನ್ನೇ ಅಡುಗೆ ಮಾಡಿ ಬಡಿಸಿಬಿಟ್ಟಿದ್ದಾನೆ, ಅತಿಥಿಗೆ ಊಟ ಹಾಕಲು ಮನೆಯಲ್ಲಿ ಬೇರೇನೂ ಇಲ್ಲದ್ದಕ್ಕೆ. ಆ ದೃಶ್ಯ ನೋಡಿ ಜನ ಕಣ್ಣೀರು ಹಾಕುತ್ತಾರೆ. ನನಗೆ ಕಣ್ಣೀರಿನ ಜೊತೆ ಸಿಟ್ಟೂ ಬರುತ್ತದೆ. ದಾನವೂ ಒಂದು ಹಂತ ದಾಟಿದರೆ ಜಂಬವೇ ತಾನೇ?

ಮಿಲ್ ಕಾಲೋನಿ, ದಾವಣಗೆರೆ:

ಅಣ್ಣಾವ್ರ ಬಗ್ಗೆ ಜಂಬ ಅಂದಿರಿ. ಇನ್ನು ನಿಮ್ಮನ್ನು ದೇವರೇ ಕಾಪಾಡಬೇಕು.

ಪಾತ್ರದ ಬಗ್ಗೆ ಅಂದದ್ದು ಅಂತ ಗೊತ್ತು. ಆದರೆ 1972 ನೆನಪಿಸಿಕೊಳ್ಳಿ. ಮಾರ್ಚಿನಲ್ಲಿ ‘ಬಂಗಾರದ ಮನುಷ್ಯ’, ಡಿಸೆಂಬರಿನಲ್ಲಿ ‘ನಾಗರಹಾವು’. ಒಂದೇ ವರ್ಷ! ಅಲ್ಲಿ ರಾಜೀವ ಊಟದ ಮುಂದಿನಿಂದ ಎದ್ದು, ಒಂದು ಮಾತೂ ಆಡದೆ ಕಟ್ಟಿದ ಮನೆಯನ್ನೇ ಬಿಟ್ಟು ಹೋಗುತ್ತಾನೆ. ಇಲ್ಲಿ ರಾಮಾಚಾರಿ ಮಾರ್ಗರೆಟ್ ಕೈ ಹಿಡಿದು ಬೆಟ್ಟದಿಂದ ಹಾರುತ್ತಾನೆ. ಅಪ್ಪನಿಗೆ ಎರಡೂ ಇಷ್ಟ. ಅಮ್ಮನಿಗೆ ರಾಜೀವ ಮಾತ್ರ. ಅಮ್ಮ ಹೇಳುತ್ತಿದ್ದದ್ದು, ಹಾರಿದವನಿಗಿಂತ ಹೋದವನ ಮನೆಯವರಿಗೇ ಜಾಸ್ತಿ ಉರಿಯುತ್ತದೆ ಅಂತ.

ಸಂತೆಹೊಂಡದ ಮೇಷ್ಟ್ರು:

ನಿಮ್ಮ ತಾಯಿಯವರ ಮಾತು ಚೆನ್ನಾಗಿದೆ.

‘ಭೂತಯ್ಯನ ಮಗ ಅಯ್ಯು’ ಬಗ್ಗೆ ಒಂದೆರಡು ಮಾತು. ಅದು ಈ ಪಟ್ಟಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಉಳಿದವೆಲ್ಲ ಹಟ ಹಿಡಿದವರ ಕಥೆ, ಇದು ಬಿಟ್ಟವನ ಕಥೆ. ಅಪ್ಪ ಕಟ್ಟಿಟ್ಟ ದ್ವೇಷವನ್ನು ಮಗ ಇಳಿಸಿ ಇಡುವುದು ಸುಮ್ಮನೆ ಆಗುವ ಕೆಲಸವಲ್ಲ. ಲೋಕೇಶ್ ಅದನ್ನು ಎಷ್ಟು ನಿಧಾನವಾಗಿ ಮಾಡಿದ್ದಾರೆ! ಎದುರಿಗೆ ಗುಳ್ಳನಾಗಿ ವಿಷ್ಣುವರ್ಧನ್, ರಾಮಾಚಾರಿಯಾದ ಎರಡೇ ವರ್ಷಕ್ಕೆ. ಗೊರೂರರ ಕಥೆ, ಸಿದ್ದಲಿಂಗಯ್ಯನವರ ನಿರ್ದೇಶನ. ನಾಗರಹಾವಿನ ಪ್ರಿನ್ಸಿಪಾಲ್ ಲೋಕನಾಥ್ ಇಲ್ಲಿ ಉಪ್ಪಿನಕಾಯಿ ನೆಕ್ಕಿ ಇಡೀ ಥಿಯೇಟರಿನ ಬಾಯಲ್ಲಿ ನೀರು ತರಿಸಿದರು. ಆಮೇಲೆ ಅವರ ಹೆಸರಿಗೇ ಉಪ್ಪಿನಕಾಯಿ ಅಂಟಿಕೊಂಡಿತು.

ತ.ರಾ.ಸು. ಚಿತ್ರಗಳಲ್ಲಿ ಯಾರೂ ಹೇಳದ ಮೂರು ಹೆಸರು ಹೇಳುತ್ತೇನೆ. 1964ರ ‘ಚಂದವಳ್ಳಿಯ ತೋಟ’, ಒಂದು ಹಳ್ಳಿಯ ಕೂಡುಕುಟುಂಬ ಒಡೆಯುವ ಕಥೆ. ಅದಕ್ಕೂ ಕನ್ನಡದ ರಾಷ್ಟ್ರಪ್ರಶಸ್ತಿ ಬಂದಿತ್ತು. 1993ರ ‘ಆಕಸ್ಮಿಕ’, ರಾಜಕುಮಾರ್ ಚಿತ್ರ, ಅದೂ ಅವರ ಕಾದಂಬರಿಗಳಿಂದ. ಮಧ್ಯೆ 1985ರ ‘ಮಸಣದ ಹೂವು’. ಸಿನಿಮಾದ ಹಾವಿನ ಮೇಲೆ ಮುನಿದ ಲೇಖಕನ ಕಥೆಯನ್ನೇ ಪುಟ್ಟಣ್ಣ ಮತ್ತೆ ಎತ್ತಿಕೊಂಡರು. ಜಯಂತಿ, ಅಂಬರೀಷ್ ಮತ್ತೆ ಬಂದರು. ತ.ರಾ.ಸು. 1984ರಲ್ಲಿ ತೀರಿಕೊಂಡರು. ಪುಟ್ಟಣ್ಣ 1985ರ ಜೂನ್‌ನಲ್ಲಿ, ಚಿತ್ರ ಮುಗಿಯುವ ಮೊದಲೇ ಹೋದರು. ಕೆ.ಎಸ್.ಎಲ್. ಸ್ವಾಮಿ ಅದನ್ನು ಪೂರ್ತಿ ಮಾಡಿದರು. ನಾಗರಹಾವಿನ ಜಗಳ ಗೊತ್ತಿರುವವರು ಈ ಚಿತ್ರವನ್ನೂ ನೋಡಬೇಕು.

ಹೊಳಲ್ಕೆರೆ ರಸ್ತೆ:

‘ಮಸಣದ ಹೂವು’ ಮನೆಮಂದಿಯ ಜೊತೆ ನೋಡುವ ಚಿತ್ರವಲ್ಲ ಅಂತ ನಮ್ಮ ಮನೆಯಲ್ಲಿ ಟಿವಿ ಆರಿಸಿಬಿಡುತ್ತಿದ್ದರು. ಜಯಂತಿಯವರ ಎರಡು ಪಾತ್ರ ಹೋಲಿಸಿ ನೋಡಿ. ಒಂದೆಡೆ ಓಬವ್ವ, ಇನ್ನೊಂದೆಡೆ ವೇಶ್ಯಾಗೃಹ ನಡೆಸುವವಳು. ಅದೇ ಕಣ್ಣು, ಅದೇ ದನಿ, ಭಯ ಮಾತ್ರ ಬೇರೆ. ಟಿವಿ ಆರಿಸಿದ್ದು ತಪ್ಪು.

ಕೋಟೆಬಾಗಿಲು:

ತೋಟದ ಹುಡುಗ, ನಿನ್ನ ಪ್ರಶ್ನೆ ಮರೆತಿಲ್ಲ. ‘ಭೂತಯ್ಯ’ನಿಂದ ಶುರು ಮಾಡು, ನಿದ್ದೆ ಬರುವುದಿಲ್ಲ. ಆಮೇಲೆ ‘ಬೆಳ್ಳಿಮೋಡ’. ‘ಹಂಸಗೀತೆ’ ಕೊನೆಗೆ ಇಟ್ಟುಕೋ. ಅದನ್ನು ಬಸ್ಸಿನಲ್ಲಿ, ಊಟದ ಮಧ್ಯೆ ನೋಡಬೇಡ. ರಾತ್ರಿ ಇಯರ್‌ಫೋನ್ ಹಾಕಿಕೊಂಡು ಕೂತು ನೋಡು. ಸಂಗೀತ ಗೊತ್ತಿರಬೇಕಾಗಿಲ್ಲ, ನನಗೂ ರಾಗದ ಹೆಸರು ಹಿಡಿಯಲು ಬರುವುದಿಲ್ಲ.

ತೋಟದ ಹುಡುಗ:

ಅಣ್ಣ, ‘ಭೂತಯ್ಯ’ ಸೂಪರ್. ‘ಬೆಳ್ಳಿಮೋಡ’ವನ್ನು ಅಮ್ಮನ ಜೊತೆ ನೋಡಿದೆ, ಅದೇ ಎಡವಟ್ಟಾಯಿತು. ಇಂದಿರಾ ಮದುವೆಯಾಗಬೇಕಿತ್ತು, ಹುಡುಗ ಸರಿಹೋಗಿದ್ದನಲ್ಲ ಅಂತ ಅಮ್ಮ. ಸರಿಹೋಗಿದ್ದು ಕಾಲು ಮಾತ್ರ ಅಂತ ನಾನು. ಅಜ್ಜಿ ಮಧ್ಯೆ ಬಂದು, ಆಸ್ತಿ ತಮ್ಮನ ಪಾಲಾಗಿದ್ದೇ ತಪ್ಪು, ಮಗಳಿಗೂ ಅರ್ಧ ಬರೆಯಬೇಕಿತ್ತು ಅಂತ ಹೊಸ ಪಂಚಾಯ್ತಿ ಶುರು ಮಾಡಿದರು. ಹೊಳಲ್ಕೆರೆ ಅಕ್ಕ, ನೀವೇ ಏನಾದರೂ ಹೇಳಿ.

ಹೊಳಲ್ಕೆರೆ ರಸ್ತೆ:

ಅಜ್ಜಿ ಸರಿ. ಅವರಿಗೆ ‘ಶರಪಂಜರ’ ತೋರಿಸು, ಅಮ್ಮನನ್ನೂ ಪಕ್ಕದಲ್ಲಿ ಕೂರಿಸು. ನೀನು ಮಾತ್ರ ಮಧ್ಯೆ ಬಾಯಿ ಹಾಕಬೇಡ. ಯಾರು ಏನಂದರು ಅಂತ ಇಲ್ಲಿ ಬರೆ.